ನೀರಿಗೂ ರೂಢಿ ಆಗ್ಬೇಕ್ರಿ

ಇದನ್ನು ಬರೆಯುವಾಗಲೂ ನನ್ನ ಸೀರೆಯ ಅಂಚು ಹಸಿ ಇದೆ. ಮುಂಜಾನೆ ಶಾಲೆಗೆ ಹೊರಟು, ಕಪಾಟಿನ ಕನ್ನಡಿ ಮುಂದೆ ಸೆರಗಿಗೆ ಪಿನ್ನು ಚುಚ್ಚುತ್ತ ಎರಡು ಹೆಜ್ಜೆ ಹಿಂದೆ ಸರಿದೆ. ಕಾಲು ಪಚಕ್ ಅಂತು. ನಮ್ಮನೆಯವರು ಒಳಗೆ ಜಳಕ ಮಾಡುತ್ತಿದ್ದರು, ಅವರ ಜಳಕದ ನೀರು ಹೊರಗೆ ನಡುಮನೆಯಲ್ಲಿ ಅಡ್ಡಾಡುತ್ತಿತ್ತು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ವೈಪರ್. ಒಂದು ತಿಂಗಳು ಪಕ್ಕದ ಮನೆಯ ಬಚ್ಚಲಿಗೆ ಬಕೀಟು ಹಿಡಿದು ತಿರುಗಾಡಿ ಮಾಡಿಸಿದ ಹೊಸ ಬಾತ್‌ರೂಮಿನ ಫಲ.

ಕಲಬುರಗಿಯಲ್ಲಿ ಹಳೇ ಮನೆ ಅಂದರೆ ಬಚ್ಚಲಿಗೆ ಶಹಾಬಾದಿ ಫರಸಿ ಕಲ್ಲು ಇರಲೇಬೇಕು. ನಮ್ಮದೂ ಹಾಗೇ ಇತ್ತು. ಮಾವನವರು ನಿಂತು ಹಾಕಿಸಿದ್ದು. ಬೂದು ಬಣ್ಣ, ಒರಟು ಮೈ, ಎಷ್ಟು ಸೋಪಿನ ನೀರು ಬಿದ್ದರೂ ಕಾಲು ಜಾರುತ್ತಿರಲಿಲ್ಲ. ಆದರೆ ಬೆಂಗಳೂರಿನಿಂದ ಮಗ ಬಂದ, ನೋಡಿದ, “ಮಮ್ಮಿ, ಇದು ಬಾತ್‌ರೂಮ್ ಅಲ್ಲ, ಮ್ಯೂಸಿಯಮ್” ಅಂದ. ಹೋದ ಮೇಲೆ ದಿನಾ ವಾಟ್ಸಾಪಿನಲ್ಲಿ ಫೋಟೋ. ಎರಡಡಿ ನಾಲ್ಕಡಿಯ ಕರೀ ಟೈಲ್ಸ್, ರೊಟ್ಟಿ ಹಂಚಿನಷ್ಟು ದೊಡ್ಡ ಷವರ್. ಆ ಫೋಟೋಗಳಲ್ಲಿ ಒಂದು ಬಕೀಟಾಗಲಿ, ಒಂದು ತಂಬಗಿಯಾಗಲಿ, ಒಂದು ಹಸಿ ಟವೆಲ್ಲಾಗಲಿ ಇರಲಿಲ್ಲ. ಮನುಷ್ಯರೇ ಇರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

“ಫರಸಿ ಒಡದು ಯಾಕ ಧೂಳ ಮಾಡೋದು, ಅದರ ಮ್ಯಾಲೇ ಹಾಕ್ಸಿಬಿಡೋಣು” ಅಂದರು ನಮ್ಮನೆಯವರು. ಉಳಿತಾಯದ ಮಾತು ಬಂದರೆ ಅವರು ಇಂಜಿನಿಯರ್. ಮಿಸ್ತ್ರಿಯೂ ತಲೆ ಅಲ್ಲಾಡಿಸಿದ. ಅವನ ಬಾಯಲ್ಲಿ ಒಂದೇ ಮಂತ್ರ: “ಫಿಕರ್ ಮಾಡಬ್ಯಾಡ್ರಿ ಅಕ್ಕೋರ, ನಾ ಅದೀನಿ.” ಟೇಪು ಎಲ್ಲಿ ಎಂದರೆ ಗೇಣು ತೋರಿಸುತ್ತಿದ್ದ. ರಸಮಟ್ಟ ಎಲ್ಲಿ ಎಂದರೆ ಒಂದು ಕಣ್ಣು ಮುಚ್ಚುತ್ತಿದ್ದ. ಬಚ್ಚಲಿಗೆ ಅಡಿಗೆ ಕಾಲಿಂಚಾದರೂ ಇಳಿಜಾರು ಬೇಕಲ್ಲಪ್ಪಾ ಎಂದದ್ದಕ್ಕೆ, ನಾನು ಅವನಿಗೆ ಮಗ್ಗಿ ಹೇಳಿಕೊಡಲು ಬಂದವಳ ಹಾಗೆ ನಕ್ಕ.

ಕೆಲಸ ಮುಗಿದ ದಿನ ಪರೀಕ್ಷೆ. ನಮ್ಮನೆಯವರು, ಅತ್ತೆ, ನಾನು, ಪಕ್ಕದ ಮನೆಯವರು, ಎಲ್ಲರೂ ಬಾಗಿಲಲ್ಲಿ ಮುತ್ತಿದೆವು. ಮಿಸ್ತ್ರಿ ಒಂದು ತಂಬಗಿ ನೀರನ್ನು ಅಭಿಷೇಕ ಮಾಡುವವನ ಹಾಗೆ ನಿಧಾನ ಸುರಿದ. ನೀರು ಬಿತ್ತು. ನಿಂತಿತು. ನೀರು ಹೊರಹೋಗುವ ಜಾಲಿಯ ಕಡೆ ಒಂದಿಷ್ಟು ಹೋದಂತೆ ಮಾಡಿ, ಏನೋ ಮರೆತು ಬಂದವರ ಹಾಗೆ ವಾಪಸು ತಿರುಗಿ, ಸೀದಾ ನಮ್ಮ ಕಡೆಗೆ ಬರತೊಡಗಿತು. ಎಲ್ಲರೂ ಹೆಜ್ಜೆ ಹಿಂದಿಟ್ಟೆವು. ಮಿಸ್ತ್ರಿ ಮಾತ್ರ ಅಲುಗಲಿಲ್ಲ. “ನೀರಿಗೂ ಹೊಸಾ ಜಾಗ ಅಲ್ರಿ ಅಕ್ಕೋರ, ರೂಢಿ ಆಗ್ಬೇಕ್ರಿ. ಎರಡ್ ದಿನ ಬಿಟ್ ನೋಡ್ರಿ, ತಾನೇ ಹೋಗ್ತದ” ಅಂದ. ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುವವಳು ನಾನು, ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ಎಷ್ಟು ಬ್ಯಾಚಿಗೆ ಬರೆಸಿದ್ದೇನೋ. ಆ ಕ್ಷಣ ಮಾತ್ರ, ಎರಡು ದಿನ ನೋಡೋಣ ಅಂತ ನನಗೂ ಅನಿಸಿತು! ಪಕ್ಕದ ಮನೆಯ ಹುಡುಗ ಒಂದು ಗೋಟಿ ತಂದು ಜಾಲಿಯ ಹತ್ತಿರ ಇಟ್ಟ. ಅದು ಉರುಳಿ, ಹೊಸ್ತಿಲು ದಾಟಿ, ನಡುಮನೆ ಹಾದು, ಅತ್ತೆಯ ಮಂಚದ ಕೆಳಗೆ ಹೋಗಿ ನಿಂತಿತು. ಮಿಸ್ತ್ರಿ ಅದನ್ನೂ ನೋಡಿದ. “ಗೋಟಿ ಗುಂಡಗ ಅದರೀ, ಅದರ ಲೆಕ್ಕ ಬ್ಯಾರೆ” ಅಂದು ಬಾಕಿ ರೊಕ್ಕ ಎಣಿಸಿಕೊಂಡ.

ಆಮೇಲೆ ತಿಳಿಯಿತು. ಒಂದೊಂದಡಿಯ ಟೈಲ್ಸ್ ಆದರೆ ನಾಲ್ಕೂ ಕಡೆಯಿಂದ ಜಾಲಿಗೆ ಬಾಗಿಸಿ ಕೂಡಿಸಬಹುದು. ನಾಲ್ಕಡಿಯ ಹಲಗೆ ಎಲ್ಲಿ ಬಾಗಬೇಕು? ಮೇಲಾಗಿ ಫರಸಿಯ ಮೇಲೆ ಸಿಮೆಂಟಿನ ಮಾಲು, ಮಾಲಿನ ಮೇಲೆ ಟೈಲ್ಸ್ ಆಗಿ, ನಡುಮನೆಗಿಂತ ಎರಡಿಂಚು ತಗ್ಗಿದ್ದ ಬಚ್ಚಲು ಅದರ ಸರಿಸಮ ಎದ್ದು ಕೂತಿತ್ತು.

ಷವರಿನ ಕಥೆ ಸಣ್ಣದು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ, ಇದನ್ನೂ ನಾನೇ ಕಲಿಸುತ್ತೇನೆ. ನಮ್ಮ ಟಾಂಕಿಗೂ ಷವರಿಗೂ ನಡುವೆ ಇರುವುದು ಎರಡು ಮೀಟರ್. ಅಂದರೆ ಐದನೇ ಒಂದು ಪಾಲು. ಹಂಚಿನಗಲದ ಷವರಿನಿಂದ ನೀರು ಹನಿ ಹನಿಯಾಗಿ, ಯೋಚನೆ ಮಾಡಿ ಮಾಡಿ ಬೀಳುತ್ತದೆ. ಕೆಳಗೆ ನಿಂತು ಒಂದು ಭುಜ ತೋಯಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಒಣಗಿರುತ್ತದೆ. ಈಗ ಅದರ ಕೆಳಗೆ ಬಕೀಟು ಇದೆ.

ಕರೀ ಟೈಲ್ಸಿನ ಮೇಲೆ ಬೋರಿನ ಉಪ್ಪು ನೀರು ಒಣಗಿದರೆ ಡಸ್ಟರ್ ಆಡಿಸಿದ ಕಪ್ಪು ಹಲಗೆಯೇ. ಶಾಲೆಯಲ್ಲಿ ಒರೆಸಿ ಬಂದು ಇಲ್ಲಿ ಮತ್ತೆ ಒರೆಸುತ್ತೇನೆ. ಹೋದ ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ, ಟಾಂಕಿಯ ನೀರು ಮಧ್ಯಾಹ್ನ ಚಹಾಕ್ಕೆ ಇಡಬಹುದಾದಷ್ಟು ಬಿಸಿ. ತಣ್ಣೀರು ಬೇಕಾದರೆ ಸ್ವಿಚ್ ಹಾಕದ ಗೀಸರಿನ ನಳ ತಿರುವಬೇಕು. ರಾತ್ರಿಯಿಂದ ಒಳಗೇ ಇದ್ದ 15 ಲೀಟರ್ ಮಾತ್ರ ತಂಪಾಗಿ ಬರುತ್ತದೆ. ಇಡೀ ಬಾತ್‌ರೂಮಿನಲ್ಲಿ ಮರ್ಯಾದೆಯಿಂದ ಕೆಲಸ ಮಾಡುವುದು ಆ ಬಂದ್ ಇಟ್ಟ ಗೀಸರೊಂದೇ.

ತಪ್ಪು ಹೇಳಿದೆ. ಅತ್ತೆ ಹಿಡಿದು ಏಳಲಿ ಅಂತ ಇಟ್ಟಿಗೆಯ ಗೋಡೆಗೆ ಹಟ ಹಿಡಿದು ಜಡಿಸಿದ ಸ್ಟೀಲ್ ರಾಡೂ ಇದೆ. ಮಗ ಅದನ್ನು “ಆಸ್ಪತ್ರೆ ಥರ” ಅಂದಿದ್ದ. ಈಗ ಊರಿಗೆ ಬಂದಾಗ ಜಾರುವ ಟೈಲ್ಸಿನ ಮೇಲೆ ಅದನ್ನೇ ಹಿಡಿದು ನಿಲ್ಲುತ್ತಾನೆ.

ಮಧ್ಯಾಹ್ನ ಒಬ್ಬಳೇ ವೈಪರ್ ಎಳೆಯುವಾಗ ಒಮ್ಮೊಮ್ಮೆ ನೆನಪಾಗುತ್ತದೆ: ಮಾವನವರ ಫರಸಿಯನ್ನು ನಾವು ಒಡೆದಿಲ್ಲ. ನನ್ನ ಕಾಲ ಕೆಳಗೆ ಎರಡಿಂಚು ಆಳದಲ್ಲಿ ಅದು ಹಾಗೇ ಇದೆ, ಅವರು ಮೊಣಕಾಲೂರಿ ತಂಬಗಿ ನೀರು ಸುರಿದು ನೋಡಿ ಹಾಕಿಸಿದ ಇಳಿಜಾರು ಸಮೇತ. ಮದುವೆಯಾಗಿ ಬಂದ ವರ್ಷ ಅದರ ಮೂಲೆಯ ಕಲ್ಲಿಗೆ ಹಿಮ್ಮಡಿ ಉಜ್ಜುತ್ತ ಎಷ್ಟು ಹೊತ್ತು ಕೂರುತ್ತಿದ್ದೆನೋ.

ಇವತ್ತು ಮತ್ತೆ ಮಿಸ್ತ್ರಿಗೆ ಫೋನ್ ಹಚ್ಚಿದೆ. “ಇನ್ನಾ ರೂಢಿ ಆಗಿಲ್ಲೇನ್ರಿ?” ಅಂದ, ನಿಜವಾಗಿ ಆಶ್ಚರ್ಯಪಟ್ಟವನ ಹಾಗೆ. ಬಾಗಿಲಿಗೆ ಒಂದು ಕಲ್ಲಿನ ಪಟ್ಟಿ ಕೂಡಿಸುತ್ತಾನಂತೆ. ಆಗ ನೀರು ಹೊರಗೆ ಬರುವುದಿಲ್ಲ, ಅತ್ತೆ ಎಡವಿ ಒಳಗೆ ಬೀಳುತ್ತಾರೆ.

ಇಷ್ಟರಲ್ಲಿ ಒಳಗಿನಿಂದ ನಮ್ಮನೆಯವರ ಕೂಗು: “ನಾ ಜಳಕಕ್ಕ ಹೊಂಟೀನಿ!” ನಾನು ಪೇಪರ್ ಎತ್ತಿಕೊಂಡೆ, ಚಾರ್ಜರ್ ಕಿತ್ತಿಟ್ಟೆ. ಅತ್ತೆ ಮಂಚದ ಮೇಲೆ ಕಾಲು ಎತ್ತಿ ಕೂತು, ಹೊರಗಿನವರಿಗೂ ಕೇಳುವಂತೆ ಹೇಳಿದರು:

“ಭೀಮಾ ಹೊಳಿ ಬಂತು, ಚಪ್ಪಲ್ ಎತ್ತಿಡ್ರಿ.”