ಮುಂದೆ ಸಪಾಟು, ಹಿಂದೆ ಸಂಕಟ

ಗ್ಲಾಸ್ಗೋದಲ್ಲಿ ಯಾರಾದರೂ ಮದುವೆಗೆ ಕರೆದರೆ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಚೌಕಳಿಯ ನೆರಿಗೆ ಲಂಗ, ಬಾಡಿಗೆಗೆ ಸಿಗುತ್ತದೆ. ಕಿಲ್ಟು, ಕೋಟು, ಮುಂದೆ ನೇತಾಡುವ ಸ್ಪೊರನ್ ಅನ್ನೋ ಚೀಲ, ಮೊಣಕಾಲಿನವರೆಗೆ ಬರುವ ಸಾಕ್ಸು, ಎಲ್ಲಾ ಒಟ್ಟಿಗೆ ಕೊಡುತ್ತಾರೆ. ಮದುವೆ ಮುಗಿಸಿ ವಾಪಸ್ ಕೊಟ್ಟರೆ ಆಯ್ತು. ಬುದ್ಧಿ ಇರುವವರು ಹಾಗೇ ಮಾಡುತ್ತಾರೆ. ಆದರೆ ಪೌಂಡು ಕಂಡ ತಕ್ಷಣ ರೂಪಾಯಿಗೆ ಗುಣಿಸುವ ಚಟ ಇರುವವನಿಗೆ ಒಂದು ದಿನ ಉಟ್ಟು ಬಿಚ್ಚೋ ಬಟ್ಟೆಗೆ ಬಾಡಿಗೆ ಅಂದರೆ ಹೊಟ್ಟೆ ಉರಿಯುತ್ತದೆ. ಸ್ವಂತದ್ದು ಹೊಲಿಸೋಣ ಅಂದರೆ, ಕೈಹೊಲಿಗೆಯ ಒಳ್ಳೆ ಕಿಲ್ಟಿಗೆ ನೂರಾರು ಪೌಂಡು. ಮನೆಯಲ್ಲಿ ಹೊಲಿಗೆ ಮಷೀನ್ ಇದೆ, ಹೆಂಡತಿ ಬ್ಲೌಸ್ ಸರಿಮಾಡಿಕೊಳ್ಳೋಕೆ ಅಂತ ತಂದದ್ದು. ಅಷ್ಟಕ್ಕೂ ಕಿಲ್ಟಿನಲ್ಲಿ ಏನಿದೆ? ತೋಳಿಲ್ಲ, ಕಾಲರ್ ಇಲ್ಲ, ಜಿಪ್ ಇಲ್ಲ.

"ರೀ, ನಿಮಗೆ ಒಂದು ಗುಂಡಿ ಹಾಕೋಕೂ ಬರಲ್ಲ" ಅಂದಳು ಹೆಂಡತಿ.

"ಇದರಲ್ಲಿ ಗುಂಡೀನೇ ಇಲ್ಲ ಕಣೇ" ಅಂದೆ. ನಿಜವೇ. ಸೊಂಟದ ಹತ್ತಿರ ಬೆಲ್ಟಿನಂಥ ಪಟ್ಟಿ, ಬಕಲ್ಲು, ಅಷ್ಟೇ.

ಬಟ್ಟೆ ಅಂಗಡಿಯ ಹೆಂಗಸು ಮೊದಲು ಕೇಳಿದ್ದು ನನ್ನ ಕ್ಲಾನ್, ಅಂದರೆ ಕುಲ, ಯಾವುದು ಅಂತ. ಇಲ್ಲಿ ಕುಲಕ್ಕೊಂದು ಚೌಕಳಿ. ನಮ್ಮ ಕಡೆ ಗೋತ್ರ ಇದೆ, ಆದರೆ ಅದಕ್ಕೆ ಚೌಕಳಿ ಇಲ್ಲ ಅಂತ ವಿವರಿಸಿದೆ. ಹಾಗಾದರೆ ಬ್ಲ್ಯಾಕ್ ವಾಚ್ ಅನ್ನೋ ಚೌಕಳಿ ತಗೊಳ್ಳಿ, ಅದನ್ನು ಯಾರು ಬೇಕಾದರೂ ಹಾಕಬಹುದು ಅಂದಳು. ಕಡು ಹಸಿರು, ಕಡು ನೀಲಿ, ಕಪ್ಪು. ತಪ್ಪು ಹೊಲಿಗೆ ಕಾಣಿಸುವುದಿಲ್ಲ ಅಂತ ನನಗೂ ಇಷ್ಟವಾಯಿತು. ತಪ್ಪೇ ಕಾಣಿಸದ ಬಟ್ಟೆಯಲ್ಲಿ ಹೊಲಿಗೆ ಮಾತ್ರ ಹೇಗೆ ಕಾಣಿಸೀತು ಅನ್ನೋದು ಡಿಸೆಂಬರಿನಲ್ಲಿ ತಿಳಿಯಿತು. ಆಗ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕಪ್ಪು ಬಟ್ಟೆ, ಕಪ್ಪು ದಾರ, ಕಿಟಕಿಯಾಚೆ ಕಪ್ಪು ಮಳೆ.

ಒಂದು ಪೂರ್ತಿ ಕಿಲ್ಟಿಗೆ 8 ಗಜ ಬಟ್ಟೆ ಬೇಕು. ಸಾಮಾನ್ಯವಾಗಿ ದೊಡ್ಡ ಪನ್ನದ ಉಣ್ಣೆ ಬಟ್ಟೆಯನ್ನು 4 ಗಜ ತಂದು, ಉದ್ದಕ್ಕೆ ಸರಿಯಾಗಿ ಎರಡು ಮಾಡಿ, ಜೋಡಿಸಿ 8 ಮಾಡಿಕೊಳ್ಳುತ್ತಾರೆ. ಜೋಡಿಸಿದ ಜಾಗ ನೆರಿಗೆಯೊಳಗೆ ಅಡಗಿಹೋಗುತ್ತದೆ. ಹಾಲ್‌ನಲ್ಲಿ ಅದನ್ನೆಲ್ಲ ಹರಡಿಕೊಂಡು ಕೂತಿದ್ದಾಗ ತುಮಕೂರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು.

"ಏನೋ ಅದು, ಜಮಖಾನ ತಗೊಂಡ್ಯಾ?"

ವಿಷಯ ಹೇಳಿದೆ. ಅಮ್ಮ ಗಜವನ್ನು ಮೊಳಕ್ಕೆ ತಿರುಗಿಸಿದರು. "ಹದಿನಾರು ಮೊಳ! ನಮ್ಮಜ್ಜಿ ಹದಿನೆಂಟು ಮೊಳದ ಸೀರೆ ಉಡ್ತಿದ್ರು. ಅದು ಕತ್ತಿಂದ ಕಾಲಿನವರೆಗೂ ಮುಚ್ತಿತ್ತು. ನಿಂದು ಮೊಣಕಾಲೂ ಮುಚ್ಚಲ್ವಂತೆ. ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ?"

ಕಿಲ್ಟಿನ ಕಷ್ಟ ಇರೋದೇ ಆ ಪ್ರಶ್ನೆಯಲ್ಲಿ. ಮಿಕ್ಕಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಮುಂದೆ ಒಂದರ ಮೇಲೊಂದು ಎರಡು ಸಪಾಟು ಪದರ. ಅದನ್ನು ಯಾರು ಬೇಕಾದರೂ ಹೊಲಿಯಬಹುದು, ನಾನೂ ಹೊಲಿದೆ. ಉಳಿದ ಅಷ್ಟೂ ಬಟ್ಟೆ ನೆರಿಗೆಯಾಗಿ ಬೆನ್ನ ಕೆಳಗೆ ಕೂರಬೇಕು. ಹೇಗೆ ಕೂರಬೇಕು ಅಂದರೆ, ಅಷ್ಟು ಮಡಿಚಿದ ಮೇಲೂ ಮುಂದಿರುವ ಚೌಕಳಿಯೇ ಹಿಂದೆಯೂ ಮುರಿಯದೆ ಮುಂದುವರಿಯಬೇಕು. ಸೈನ್ಯದಲ್ಲಿ ಇನ್ನೊಂದು ಪದ್ಧತಿ ಇದೆ. ಪ್ರತಿ ನೆರಿಗೆಯ ಮೇಲೂ ಒಂದೇ ಪಟ್ಟೆ ಬರುವ ಹಾಗೆ ಮಡಿಸುತ್ತಾರೆ. ನಾನು ಮೊದಲನೆಯದನ್ನು ಆರಿಸಿಕೊಂಡೆ. ಬಟ್ಟೆ ಅರ್ಧ ದಾರಿಯಲ್ಲಿ ಎರಡನೆಯದನ್ನು ಆರಿಸಿಕೊಂಡಿತು. "ಎಡಗಡೆ ಒಂದು ಥರ ಇದೆ, ಬಲಗಡೆ ಇನ್ನೊಂದು ಥರ" ಅಂತ ಹೆಂಡತಿ ತೋರಿಸಿದಳು. ಎಡಗಡೆ ನಾಗರಿಕ, ಬಲಗಡೆ ಸೈನಿಕ ಅಂದೆ.

ಇದರ ಮೇಲೆ ಲೆಕ್ಕ ಬೇರೆ. ನನ್ನದರಲ್ಲಿ 26 ನೆರಿಗೆ. ಹಿಪ್ ಹತ್ತಿರ ಒಂದೊಂದೂ ಮುಕ್ಕಾಲು ಇಂಚು ಕಾಣಬೇಕು, ಸೊಂಟಕ್ಕೆ ಬರುವ ಹೊತ್ತಿಗೆ ಸ್ವಲ್ಪ ಸಣ್ಣಗಾಗಬೇಕು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ನೆರಿಗೆಯ ಅಂಚನ್ನು ಪಕ್ಕದ್ದಕ್ಕೆ ಕೈಯಲ್ಲೇ ಹೊಲಿಯಬೇಕು. ಸಣ್ಣ ಸಣ್ಣ ಹೊಲಿಗೆ, ಮೇಲೆ ಕಾಣಬಾರದು. ಮಷೀನಿನಲ್ಲಿ ಹೊಡೆದುಬಿಡೋಣ ಅಂತ ನೋಡಿದೆ. ಪದರಗಳ ನಡುವೆ ಹೋದ ಸೂಜಿ ಮುರಿದು, ಅದರ ತುದಿ ಅಲ್ಲೇ ಉಳಿಯಿತು. ಅದನ್ನು ಹುಡುಕೋವರೆಗೂ ಹೆಂಡತಿ ನನ್ನನ್ನು ಸೋಫಾ ಮೇಲೆ ಕೂರೋಕೆ ಬಿಡಲಿಲ್ಲ.

ಕೈಹೊಲಿಗೆ ಚೆನ್ನಾಗೇ ಬಂತು. ಒಂದೊಂದು ನೆರಿಗೆಯನ್ನು ನೋಡಿದರೆ ಅದರಲ್ಲಿ ಏನೂ ದೋಷ ಇಲ್ಲ, ಬರೀ ಅರೆಕಾಲು ಇಂಚು ಒಳಗೆ ಸರಿದಿದೆ. ಅರೆಕಾಲು ಇಂಚು ಏನು ಮಹಾ, ಅಲ್ವಾ? 26 ಸಲ ಕೂಡಿಸಿದರೆ ಮೂರೂಕಾಲು ಇಂಚು. ಸೊಂಟಕ್ಕೆ ಸುತ್ತಿದರೆ ಪಟ್ಟಿಗೂ ಬಕಲ್ಲಿಗೂ ಭೇಟಿಯೇ ಆಗಲಿಲ್ಲ. ಉಣ್ಣೆ ಕುಗ್ಗಿದೆ ಅಂತ ನಾನು. ನಿನ್ನೆಯ ಬಿಸಿಬೇಳೆಬಾತು ಅಂತ ಹೆಂಡತಿ. ಕೊನೆಗೆ ಬ್ಲೇಡು ತಗೊಂಡು ಎಲ್ಲ ಬಿಚ್ಚಿದೆ. ಇಡೀ ಕೆಲಸದಲ್ಲಿ ನಾನು ನಿಜವಾಗಿ ಪಳಗಿದ್ದು ಬಿಚ್ಚುವುದರಲ್ಲಿ.

ಅಂಥ ಒಂದು ರಾತ್ರಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದಾಗ 1746ರ ಕಾನೂನು ನೆನಪಾಯಿತು. ಸ್ಕಾಟ್ಲೆಂಡಿನ ಬಂಡುಕೋರರು ಸೋತ ಕಲ್ಲೊಡೆನ್ ಯುದ್ಧ ಆದಮೇಲೆ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಅನ್ನೋ ಗುಡ್ಡಗಾಡಿನ ಗಂಡಸರು ಈ ಉಡುಪು ತೊಡುವುದನ್ನೇ ನಿಷೇಧಿಸಿತ್ತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. 1782ರಲ್ಲಿ ಅದನ್ನು ತೆಗೆದುಹಾಕಿದರು. ಯಾಕೆ ಆತುರಪಟ್ಟರೋ ಅನ್ನಿಸಿತು. ನಾನಂತೂ ಆಗಲೇ ಸಮುದ್ರ ದಾಟಿ ಬಂದವನು, ನನಗೇನು ಭಯ?

ಹೊಲಿದಾದ ಮೇಲೆ ಕತ್ತರಿ ಕೆಲಸ. ಸೊಂಟದ ಹತ್ತಿರ ದಪ್ಪ ಆಗಬಾರದು ಅಂತ, ಒಳಗಡೆ ಮಡಿಚಿಕೊಂಡಿರುವ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕು. ಗಜಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ತಂದ ಉಣ್ಣೆ. ಕತ್ತರಿಯ ಬಾಯಿ ತೆರೆದೆ, ಮುಚ್ಚಿದೆ, ಕಾಫಿ ಕುಡಿದು ಬಂದೆ, ಮತ್ತೆ ತೆರೆದೆ. ಕೆಳಗಿನ ಪದರಕ್ಕೆ ಬೆರಳು ಅಡ್ಡ ಇಟ್ಟುಕೊಂಡು, ಮೇಲಿನದು ಮಾತ್ರ ಸಿಗುವ ಹಾಗೆ ಒಂದೊಂದೇ ಕಚ್ಚು. ಹೆಂಡತಿ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಕಿಲ್ಟಿಗಾಗಿ ಅಲ್ಲ, ಅದು ಅವಳ ಕತ್ತರಿ.

ಆಮೇಲೆ ಇಸ್ತ್ರಿ. ನೆರಿಗೆಗಳನ್ನು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟು, ಮೇಲೆ ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿ ಒತ್ತಬೇಕು. ಮನೆಯೆಲ್ಲ ಮಳೆಯಲ್ಲಿ ನೆಂದ ಕುರಿಯ ವಾಸನೆ. ಹಬೆ ಮೇಲೆದ್ದು ಹೊಗೆ ಅಲಾರಂ ಕೂಗಿತು. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಒಂದು ನಿಯಮ ಇದೆ. ಮನೆಯ ಅಲಾರಂಗಳೆಲ್ಲ ಒಂದಕ್ಕೊಂದು ಜೋಡಿಸಿರಬೇಕು, ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಕೂಗಿದವು. ಮೇಲಿನ ಮನೆಯ ಮುದುಕ ಕೆಳಗಿಳಿದು ಬಂದು ಬಾಗಿಲು ತಟ್ಟಿದ. ತೆರೆದವನ ಮೈಮೇಲೆ ಬನಿಯನ್ನು, ಟೇಪು ಮತ್ತು ಒಂದಿಷ್ಟು ಧೈರ್ಯ. ಆತ ಮೇಜಿನ ಮೇಲಿದ್ದ ಕಿಲ್ಟನ್ನು ಸುಮ್ನೆ ಒಮ್ಮೆ ನೋಡಿ, "ಬೆಂಕಿ ಅಲ್ಲ ತಾನೇ? ಸರಿ" ಅಂತ ಹೇಳಿ ಹೋದ.

ಉದ್ದದ ವಿಷಯದಲ್ಲಿ ಮಾತ್ರ ನನಗೆ ಒಬ್ಬ ದೊಡ್ಡ ಮನುಷ್ಯನ ಬೆಂಬಲ ಇದೆ. ಕಿಲ್ಟಿನ ಕೆಳ ಅಂಚನ್ನು ಮಡಿಚಿ ಹೊಲಿಯುವುದಿಲ್ಲ. ನೇಯ್ಗೆಯ ಅಂಚೇ ಕೆಳಗೆ ಬರಬೇಕು, ಮೊಣಕಾಲಿನ ಹತ್ತಿರ ನಿಲ್ಲಬೇಕು. ಕೆಳಗೆ ಬಿಡಿಸಿ ಉದ್ದ ಮಾಡೋಕೆ ಅಲ್ಲಿ ಏನೂ ಇರುವುದಿಲ್ಲ. ನನ್ನದು ಸ್ವಲ್ಪ ಮೇಲೇ ನಿಂತಿತು. 1822ರಲ್ಲಿ ಎಡಿನ್‌ಬರಾಗೆ ಬಂದ ನಾಲ್ಕನೇ ಜಾರ್ಜ್ ದೊರೆಯ ಕಿಲ್ಟೂ ಹೀಗೇ ಗಿಡ್ಡವಾಗಿತ್ತು, ಕೆಳಗೆ ಗುಲಾಬಿ ಬಣ್ಣದ ಬಿಗಿ ಉಡುಪು ಬೇರೆ. ಇಷ್ಟು ಕಡಿಮೆ ದಿನ ನಮ್ಮ ಜೊತೆ ಇರೋರು, ಆದಷ್ಟು ಜಾಸ್ತಿ ಕಂಡರೆ ಒಳ್ಳೇದೇ ಬಿಡಿ ಅಂತ ಒಬ್ಬ ಹೆಂಗಸು ಅಂದಳಂತೆ. ಆಮೇಲೆ ಡೇವಿಡ್ ವಿಲ್ಕಿ ಅನ್ನೋ ಚಿತ್ರಕಾರ ದೊರೆಯ ಚಿತ್ರ ಬರೆಯುವಾಗ ಗೌರವವಾಗಿ ಅದನ್ನೆಲ್ಲ ಸರಿಮಾಡಿಕೊಟ್ಟ. ನನ್ನ ಮೊಬೈಲಿಗೆ ಅಷ್ಟು ಮರ್ಯಾದೆ ಇಲ್ಲ.

ಮದುವೆಯ ದಿನ ಕನ್ನಡಿ ಮುಂದೆ ನಿಂತೆ. ಏನು ಹೇಳಲಿ, ಗಾಂಭೀರ್ಯ! ಕನ್ನಡಿಯಲ್ಲಿ ಕಾಣುವುದು ಮುಂಭಾಗ ಮಾತ್ರ. ಕಿಲ್ಟ್ ಹಾಕಿಕೊಂಡವನು ಇಡೀ ಊರಿನಲ್ಲಿ ತನ್ನ ನೆರಿಗೆ ನೋಡದೇ ಇರುವ ಒಬ್ಬನೇ ಮನುಷ್ಯ. ಒಂದೂವರೆ ಕೆಜಿ ಭಾರ ಹಿಂದೆ ಎಳೆಯುತ್ತಿರುವುದರಿಂದ ಎದೆ ತಾನಾಗೇ ಮುಂದೆ ಬರುತ್ತದೆ, ಅದು ನೋಡುವವರಿಗೆ ಆತ್ಮವಿಶ್ವಾಸ ಅನ್ನಿಸುತ್ತದೆ.

ಊಟ ಆದಮೇಲೆ ಕೇಲಿ ಅನ್ನೋ ಇಲ್ಲಿಯ ಗುಂಪು ಕುಣಿತ. ಸ್ಟ್ರಿಪ್ ದ ವಿಲೋ ಅಂತ ಒಂದಿದೆ. ಎರಡು ಸಾಲಿನ ನಡುವೆ ಒಬ್ಬೊಬ್ಬರ ತೋಳು ಹಿಡಿದು ಗಿರಗಿರ ತಿರುಗುತ್ತಾ ಸಾಗಬೇಕು. ನೆರಿಗೆ ಬಿಚ್ಚಿಕೊಂಡು ಹಾರುವುದೇ ಅದರ ಚೆಂದ. ನನ್ನದು ಹಾರಲಿಲ್ಲ, ಇಡೀ ಹಲಗೆಯ ಹಾಗೆ ಒಟ್ಟಿಗೆ ತಿರುಗಿತು. ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಹಿಡಿದು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದರು. ಬ್ಯಾಗಿನಿಂದ ಪುಟ್ಟ ಕತ್ತರಿ ತೆಗೆದರು. "ಅಲ್ಲಾಡಬೇಡ ಮಗನೇ" ಅಂದರು. ಆ ಕಚ್ಚಾ ಹೊಲಿಗೆಯ ಬಿಳಿ ದಾರ ಇನ್ನೂ ಅಲ್ಲೇ ಇತ್ತು. ಕಪ್ಪು ಬಟ್ಟೆಯ ಮೇಲೆ, ಬೆಳಗಿನಿಂದ, ಚರ್ಚಿನಲ್ಲಿ, ಗ್ರೂಪ್ ಫೋಟೋದಲ್ಲಿ. ಯಾರೂ ಹೇಳಿರಲಿಲ್ಲ. ಇದು ನನ್ನ ದೇಶದ ಸಂಪ್ರದಾಯ ಇರಬೇಕು ಅಂದುಕೊಂಡಿದ್ದರಂತೆ.

ದಾರ ಎಳೆದಾದ ಮೇಲೆ ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಯಾರು ಹೊಲಿದದ್ದು ಅಂತ ಕೇಳಿದರು. ನಾನೇ ಅಂದೆ. "ಮುಂಭಾಗ ಬಹಳ ಚೆನ್ನಾಗಿದೆ" ಅಂದರು.

ಅಮ್ಮನಿಗೆ ಮುಂದಿನಿಂದ ತೆಗೆದ ಫೋಟೋ ಕಳಿಸಿದೆ. ತುಮಕೂರಿನಲ್ಲಿ ಎಲ್ಲರಿಗೂ ತೋರಿಸಿದರಂತೆ. ಮಾರನೇ ದಿನ ಫೋನ್ ಮಾಡಿ, "ಪಕ್ಕದ ಮನೆಯವರು ನೆರಿಗೆ ನೋಡ್ಬೇಕಂತೆ ಕಣೋ, ಒಂಚೂರು ತಿರುಗಿ ನಿಂತ್ಕೊಂಡು ಒಂದು ಫೋಟೋ ಕಳ್ಸು" ಅಂದರು. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲಮ್ಮ, ಮಳೆ ಜಾಸ್ತಿ ಅಂದೆ.