ಮರದ ವ್ಯಾಪಾರಿ ಗವರ್ನರ್ ಆದದ್ದು ಮಿಷಿಗನ್‌ಗೆ ಒಳಿತಾಯಿತೇ?

ಪರ

ಹೆನ್ರಿ ಹೌಲ್ಯಾಂಡ್ ಕ್ರೇಪೊ ಹುಟ್ಟಿದ್ದು 1804ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮತ್‌ನ ರೈತ ಕುಟುಂಬದಲ್ಲಿ. ಶಾಲಾ ಮಾಸ್ತರಿಕೆ, ಭೂಮಾಪನ, ನ್ಯೂ ಬೆಡ್‌ಫರ್ಡ್ ಪಟ್ಟಣದ ಖಜಾಂಚಿ ಕೆಲಸ ಎಲ್ಲವನ್ನೂ ಮಾಡಿ, ಐವತ್ತು ದಾಟಿದ ಮೇಲೆ ಮಿಷಿಗನ್‌ನ ಫ್ಲಿಂಟ್‌ಗೆ ಬಂದು ಪೈನ್ ಮರ ಕೊಯ್ಯುವ ಮಿಲ್‌ಗಳನ್ನು ನಡೆಸಿದರು. ಮೇಯರ್, ರಾಜ್ಯದ ಸೆನೆಟರ್, 1865ರಿಂದ ನಾಲ್ಕು ವರ್ಷ ಗವರ್ನರ್: ಒಂದೊಂದು ಮೆಟ್ಟಿಲನ್ನೂ ಲೆಕ್ಕ ಬಲ್ಲವರಾಗಿ ಹತ್ತಿದರು.

ಆ ಲೆಕ್ಕಜ್ಞಾನ ಜನರನ್ನು ಕಾಪಾಡಿತು ಎಂಬುದೇ ನನ್ನ ವಾದ. ಊರುಗಳು ಸಾಲಪತ್ರ ಹೊರಡಿಸಿ ರೈಲು ಕಂಪನಿಗಳಿಗೆ ಹಣ ಕೊಡಲು ಅವಕಾಶ ನೀಡುವ ಮಸೂದೆಗಳು ಶಾಸನಸಭೆಯಿಂದ ಒಂದರ ಹಿಂದೊಂದು ಬಂದಾಗ, ಕ್ರೇಪೊ ಅವುಗಳಿಗೆ ಅಂಕಿತ ಹಾಕಲಿಲ್ಲ, ತಿರಸ್ಕರಿಸಿದರು. ರೈಲಿನ ಹುಚ್ಚು ನೆತ್ತಿಗೇರಿದ್ದ ಕಾಲದಲ್ಲಿ ಹಾಗೆ ಮಾಡಲು ಎದೆಗಾರಿಕೆ ಬೇಕು. ಫ್ಲಿಂಟ್‌ನಿಂದ ಹಾಲಿ (Holly) ಎಂಬ ಊರಿನವರೆಗೆ ತಾವೇ ಮುಂದೆ ನಿಂತು ಹಳಿ ಹಾಕಿಸಿದ್ದವರಿಗೆ, ಕಂಪನಿ ಮುಳುಗಿದರೆ ಸಾಲ ತೀರಿಸುವವನು ತೆರಿಗೆ ಕಟ್ಟುವ ರೈತ ಎಂಬುದು ಚೆನ್ನಾಗಿ ತಿಳಿದಿತ್ತು. ಅವರು ತೀರಿಕೊಂಡ ಮರುವರ್ಷ, 1870ರಲ್ಲಿ, ನ್ಯಾಯಮೂರ್ತಿ ಥಾಮಸ್ ಕೂಲಿ ಬರೆದ ತೀರ್ಪಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಂಥ ನೆರವನ್ನು ಸಂವಿಧಾನಬಾಹಿರವೆಂದಿತು. ರೈತನ ಪರವಾಗಿ ಆ ಮಾತನ್ನು ಮೊದಲೇ ಆಡಿದವರು ಈ ಮರದ ವ್ಯಾಪಾರಿ. ಅವರು ಕಾಡು ಕಡಿದರೆಂದು ದೂರುವವರು, ಜನರಿಗೆ ಮನೆಗಳೇ ಬೇಕಿರಲಿಲ್ಲ ಎಂದೂ ಹೇಳಬೇಕಾಗುತ್ತದೆ.

ವಿರೋಧ

ಕ್ರೇಪೊ ಅವರ ಪ್ರಾಮಾಣಿಕತೆಯನ್ನು ನಾನೂ ಅನುಮಾನಿಸುವುದಿಲ್ಲ. ಈ ಪಕ್ಷ ವಹಿಸಲು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಆದರೂ ತಮ್ಮ ಮರ ಸಾಗಿಸಲು ರೈಲು ಬಂದ ಮೇಲೆ ಉಳಿದ ಊರುಗಳಿಗೆ ಬೇಡವೆನ್ನುವುದು ಅಷ್ಟು ಕಷ್ಟದ ಕೆಲಸವಲ್ಲ.

ನನ್ನನ್ನು ಕಾಡುವುದು ಪೈನ್ ಕಾಡು. ಗ್ರೇಲಿಂಗ್ ಹತ್ತಿರದ ಹಾರ್ಟ್‌ವಿಕ್ ಪೈನ್ಸ್ ಉದ್ಯಾನದಲ್ಲಿ ಐವತ್ತು ಎಕರೆಗೂ ಕಡಿಮೆ ಹಳೆಯ ಕಾಡು ಉಳಿದಿದೆ. ಅಲ್ಲಿನ ಒಂದು ಬಿಳಿ ಪೈನ್ ಮರವನ್ನು ನಾನೂ ಮಗಳೂ ಕೈ ಜೋಡಿಸಿ ತಬ್ಬಲು ನೋಡಿದೆವು, ಬೆರಳುಗಳು ಕೂಡಲಿಲ್ಲ. ಮೊದಲ ಕೊಂಬೆ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. "ಇಂಥವು ಎಲ್ಲ ಕಡೆ ಇದ್ದವಾ ಅಪ್ಪಾ?" ಎಂದು ಮಗಳು ಕೇಳಿದಳು. ಮಿಷಿಗನ್ನಿನ ಉತ್ತರ ಭಾಗದಲ್ಲಿ ಎಷ್ಟೋ ಕಡೆ ಹೀಗೇ ಇತ್ತು ಎಂದಾಗ ಅವಳು ನಂಬಲಿಲ್ಲ.

ಕ್ರೇಪೊ ಅವರ ಪೈನ್ ಭೂಮಿ ಲಪೀರ್ ಕೌಂಟಿಯಲ್ಲಿತ್ತು. ಮರ ಕಡಿಯುವವರು ದಿಮ್ಮಿ ಮಾತ್ರ ಒಯ್ದು ಕೊಂಬೆ, ತುದಿಗಳನ್ನು ನೆಲದಲ್ಲೇ ಬಿಡುತ್ತಿದ್ದ ಆ ಸೀಮೆಯಲ್ಲಿ 1881ರ ಸೆಪ್ಟೆಂಬರಿನ ಕಾಳ್ಗಿಚ್ಚಿಗೆ ಆ ಒಣಕಸವೂ ಮೇವಾಯಿತು. ನೂರಾರು ಜನ ಸತ್ತರು, ಕ್ಲಾರಾ ಬಾರ್ಟನ್ ಅವರ ಹೊಸ ಅಮೆರಿಕನ್ ರೆಡ್‌ಕ್ರಾಸ್ ಸಂಸ್ಥೆ ಮೊದಲ ಬಾರಿ ಪರಿಹಾರಕ್ಕಿಳಿಯಿತು. ಕ್ರೇಪೊ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಬೆಂಕಿಗೆ ಅವರೊಬ್ಬರನ್ನೇ ಹೊಣೆ ಮಾಡಲಾಗದು. ಆದರೆ ಅವರ ಆಡಳಿತದ ಜಮಾಖರ್ಚು ಬರೆಯುವಾಗ ಕಡಿದ ಕಾಡನ್ನು ಖರ್ಚಿನ ಕಡೆ ಬರೆಯದೆ ಬಿಡುವುದನ್ನು ನಾನು ಒಪ್ಪಲಾರೆ.