ಹಿತ್ತಲಿನ ಕೊಳಕ್ಕೆ ಮೊದಲು ಗೇಟು

ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣ, ಹಿತ್ತಲಲ್ಲಿ ಸ್ವಿಮ್ಮಿಂಗ್ ಪೂಲ್ ಮಾಡಿಸೋಣ ಅಂತಿದೀನಿ. ಇಪ್ಪತ್ತಕ್ಕೆ ಹತ್ತು. ಹೆಂಗಿರುತ್ತೆ?"

ಸಕಲೇಶಪುರದ ಯಾವುದೋ ಹೋಂಸ್ಟೇಗೆ ಹೋಗಿ ಬಂದಾಗಿನಿಂದ ಅವನಿಗೆ ಈ ಹುಚ್ಚು. ನಮ್ಮ ಮನೆ ಸಾಲಗಾಮೆ ರಸ್ತೆ ಕಡೆ, ನಲವತ್ತು ಅರವತ್ತರ ಸೈಟು. ಮನೆ ಕಟ್ಟಿ ಉಳಿದ ಹಿತ್ತಲಿನ ಅಗಲ 14 ಅಡಿ. ಅಷ್ಟರಲ್ಲೇ ಒಂದು ತೆಂಗಿನ ಮರ, ಕರಿಬೇವು, ನಾಲ್ಕು ಬಾಳೆ, ಬಟ್ಟೆ ಒಗೆಯೋ ಕಲ್ಲು. ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿಸಿತು: "ಬಟ್ಟೆ ಒಣಗಿಸೋದೆಲ್ಲಿ ಅಂತ ಭಾವನ್ನೇ ಕೇಳಿ." ಇಡೀ ಮಾತುಕತೆಯಲ್ಲಿ ತೂಕದ ಪ್ರಶ್ನೆ ಅದೊಂದೇ ಆಗಿತ್ತು.

ನಾನಿರುವುದು ಸಿಡ್ನಿಯಲ್ಲಿ. ನನ್ನ ಹಿತ್ತಲಲ್ಲೂ ಒಂದು ಪುಟ್ಟ ಪೂಲ್ ಇದೆ. 4 ಮೀಟರ್ ಉದ್ದ, 2.2 ಮೀಟರ್ ಅಗಲ. ಎರಡು ಸಲ ಕೈ ಬೀಸಿದರೆ ಎದುರು ಗೋಡೆ. ಮೊದಲ ವರ್ಷ ಬೇಜಾರಾಗಿತ್ತು. ಆಮೇಲೆ ಗೊತ್ತಾಯಿತು, ಇದು ಈಜೋಕಲ್ಲ, ಕೂರೋಕೆ. ಸಂಜೆ ಆಫೀಸಿನಿಂದ ಬಂದು ಎದೆಮಟ್ಟ ನೀರಲ್ಲಿ ಕೂತು ಕಾಫಿ ಕುಡಿಯೋಕೆ. ಈಜಲೇಬೇಕು ಅಂದರೆ ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಟಿಕೊಂಡು ಇದ್ದಲ್ಲೇ ಕೈಕಾಲು ಬಡಿಯಬಹುದು. ನಾವು ತೋಟದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವರು. ನಮಗೆ ಹಗ್ಗ ಹೊಸದೇನಲ್ಲ.

ಹಾಗಾಗಿ ತಮ್ಮನಿಗೆ ಮೊದಲು ಹೇಳಿದ್ದು, "ಹನ್ನೆರಡಕ್ಕೆ ಏಳು ಸಾಕು ಕಣೋ" ಅಂತ. ಅವನ ಮುಖ ಸಣ್ಣದಾಯಿತು. ಲೆಕ್ಕ ಹಾಕಿಸಿದೆ. ಇಪ್ಪತ್ತಕ್ಕೆ ಹತ್ತು, ನಾಲ್ಕಡಿ ನೀರು ಅಂದರೆ 800 ಘನ ಅಡಿ, ಅಂದರೆ ಹತ್ತಿರ ಹತ್ತಿರ 22,600 ಲೀಟರ್. ಅದನ್ನೇ ಹನ್ನೆರಡಕ್ಕೆ ಏಳು ಮಾಡಿದರೆ 9,500 ಲೀಟರ್. ನಮ್ಮ ಮನೆ ಸಂಪು ಅಷ್ಟೇ ಹಿಡಿಯುತ್ತೆ. ಇನ್ನು ಮಣ್ಣು. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗ ಜಾಸ್ತಿಯೇ ಆಗುತ್ತದೆ. ದೊಡ್ಡ ಪೂಲ್ ಆದರೆ ಹತ್ತಕ್ಕೂ ಹೆಚ್ಚು ಟ್ರಾಕ್ಟರ್ ಲೋಡ್. ಅದನ್ನು ಹೊರಗೆ ಸಾಗಿಸೋದು ಮನೆ ಪಕ್ಕದ ನಾಲ್ಕಡಿ ಸಂದಿಯಲ್ಲಿ. ಜೆಸಿಬಿ ಅಲ್ಲಿ ನುಗ್ಗೋದಿಲ್ಲ. ಬಾಂಡ್ಲಿಯಲ್ಲೇ ಹೊರಬೇಕು.

ಸಿಡ್ನಿಯಲ್ಲಿ ಪೂಲ್ ಅಂದ ತಕ್ಷಣ ಮಾತು ಶುರುವಾಗೋದು ಬೇಲಿಯಿಂದ. ಹಾಸನದ ಮೇಸ್ತ್ರಿ ಬಂದವರು ಮೊದಲು ಕೇಳಿದ್ದು "ಟೈಲ್ಸ್ ನೀಲಿನಾ, ಹಸಿರಾ?" ಎರಡೂ ಊರಿಗೆ ಇರುವ ವ್ಯತ್ಯಾಸ ನನಗೆ ಅಲ್ಲೇ ಕಂಡಿತು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈಜುಕೊಳಕ್ಕೆ ಅಂತಲೇ 1992ರ ಒಂದು ಕಾಯ್ದೆ ಇದೆ. 30 ಸೆಂಟಿಮೀಟರಿಗಿಂತ ಆಳ ನೀರು ನಿಲ್ಲುವಂಥದ್ದಾದರೆ ಸುತ್ತ ಬೇಲಿ ಹಾಕಲೇಬೇಕು. ಗಾಳಿ ತುಂಬಿಸೋ ಪ್ಲಾಸ್ಟಿಕ್ ಪೂಲ್ ಆದರೂ ಬಿಡುವುದಿಲ್ಲ. ಬೇಲಿ ಕಡಿಮೆ ಅಂದರೂ 1.2 ಮೀಟರ್ ಎತ್ತರ ಇರಬೇಕು. ಕೆಳಗಿನ ಸಂದಿ 10 ಸೆಂಟಿಮೀಟರ್ ಮೀರಬಾರದು. ಗೇಟು ಕೊಳದಿಂದ ಹೊರಕ್ಕೇ ತೆರೆಯಬೇಕು, ಕೈ ಬಿಟ್ಟರೆ ತಾನೇ ಮುಚ್ಚಿಕೊಂಡು ಚಿಲಕ ಬೀಳಬೇಕು. ಬೇಲಿಯಿಂದ 90 ಸೆಂಟಿಮೀಟರ್ ಒಳಗೆ ಮಗು ಹತ್ತಿ ನಿಲ್ಲುವಂಥ ವಸ್ತು ಯಾವುದೂ ಇರಕೂಡದು. ಮುಳುಗಿದವರಿಗೆ ಎದೆ ಒತ್ತಿ ಉಸಿರು ಕೊಡುವುದು ಹೇಗೆ ಅಂತ ತೋರಿಸೋ ಬೋರ್ಡೂ ಅಲ್ಲೇ ಕಾಣುವಂತೆ ತೂಗುಹಾಕಬೇಕು.

ನನ್ನ ಪೂಲ್ ಮೊದಲ ತಪಾಸಣೆಯಲ್ಲಿ ಫೇಲಾಯಿತು. ಕಾರಣ ತುಳಸಿ ಕುಂಡ. ಹೆಂಡತಿ ಬಿಸಿಲು ಬೀಳಲಿ ಅಂತ ಬೇಲಿ ಪಕ್ಕ ಇಟ್ಟಿದ್ದಳು. ತಪಾಸಣೆಗೆ ಬಂದವನು ಟೇಪ್ ಹಿಡಿದು ಅಳೆದ, ತಲೆ ಆಡಿಸಿದ, ಬರೆದುಕೊಂಡು ಹೋದ. ದೇವರ ಗಿಡ ಅಂತ ಹೇಳಿ ನೋಡಿದೆ. ನಕ್ಕ, ಆದರೆ ಬಿಡಲಿಲ್ಲ. ಅವತ್ತು ಸಿಟ್ಟು ಬಂದಿತ್ತು. ಮಗಳಿಗೆ ಆಗ ಎರಡು ವರ್ಷ. ಮುಂದಿನ ವಾರ ಅವಳು ಅದೇ ಕುಂಡವನ್ನು ಹತ್ತಿ ಅಡುಗೆಮನೆ ಕಿಟಕಿಯಲ್ಲಿ ಇಣುಕಿದಳು. ಅಷ್ಟು ಹೊತ್ತಿಗೆ ಕುಂಡ ಕಿಟಕಿ ಕೆಳಗೆ ಬಂದಿತ್ತು, ಪುಣ್ಯ.

ತಮ್ಮ ಇದನ್ನು ಕೇಳಿ "ನಮ್ಮನೇಲಿ ಯಾವಾಗ್ಲೂ ಯಾರಾದ್ರೂ ಇರ್ತಾರಲ್ಲಣ್ಣ" ಅಂದ. ನನಗೆ ಭಯ ಇರೋದೇ ಅಲ್ಲಿ. ಹತ್ತು ಜನ ಇರೋ ಮನೆಯಲ್ಲಿ ಮಗು ಯಾರದೋ ಜೊತೆ ಇದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಸಿನಿಮಾದಲ್ಲಿ ತೋರಿಸೋ ಹಾಗೆ ಮುಳುಗೋ ಮಗು ಕೂಗೋದಿಲ್ಲ, ಸದ್ದೇ ಇರೋದಿಲ್ಲ. ಕೃಷಿ ಹೊಂಡ, ಕೆರೆ, ಕಟ್ಟೆ ಅಂತ ಬೇಸಿಗೆ ರಜೆಯಲ್ಲಿ ನಮ್ಮ ಪೇಪರಲ್ಲಿ ಓದುತ್ತಲೇ ಇರುತ್ತೇವಲ್ವಾ? ಕಾಯ್ದೆ ಕೇಳುತ್ತೋ ಬಿಡುತ್ತೋ, ಗೇಟು ಮಾಡಿಸು ಅಂದೆ. ಒಗೆಯೋ ಕಲ್ಲನ್ನು ಗೇಟಿನಿಂದ ಮೂರು ಅಡಿಗಿಂತ ದೂರ ಸರಿಸು. ಅದು ಮಗುವಿಗೆ ಒಳ್ಳೇ ಮೆಟ್ಟಿಲು.

ಆದರೆ ಎಲ್ಲದರಲ್ಲೂ ಸಿಡ್ನಿಯೇ ಸರಿ ಅಂತ ನಾನು ಹೇಳೋದಿಲ್ಲ. ಅಲ್ಲಿನವರಿಗೆ ನೆಲಮಟ್ಟಕ್ಕೆ ಸಮವಾಗಿ, ಕನ್ನಡಿ ಹಾಸಿದ ಹಾಗೆ ಕಾಣೋ ಕೊಳವೇ ಬೇಕು. ನಮ್ಮ ಹಿತ್ತಲಿಗೆ ಅದು ಬೇಡ. ಎರಡಡಿ ಅಗೆದು ಎರಡೂವರೆ ಅಡಿ ಮೇಲಕ್ಕೆ ಕಟ್ಟಿದರೆ ಅಂಚೇ ಜಗಲಿ ಆಗುತ್ತದೆ. ಅಜ್ಜಿ ಅಲ್ಲಿ ಕೂತು ಕಾಲು ಇಳಿಬಿಡಬಹುದು. ಮಳೆಗಾಲದ ಕೆಂಪು ನೀರು ಒಳಗೆ ನುಗ್ಗೋದಿಲ್ಲ, ಮಣ್ಣು ಹೊರೋದೂ ಅರ್ಧ ಆಗುತ್ತದೆ. ಮುಖ್ಯವಾದದ್ದು ಕಾಂಪೌಂಡ್. ಹಳೇ ಸೈಜುಗಲ್ಲಿನ ಗೋಡೆಗೆ ಪಾಯ ಅಷ್ಟಕ್ಕಷ್ಟೇ. ಅದರ ಪಕ್ಕದಲ್ಲೇ ನಾಲ್ಕಡಿ ತೋಡಿದರೆ ಗೋಡೆ ಗುಂಡಿಗೆ ಬರುತ್ತದೆ. ಎಷ್ಟು ಆಳ ತೋಡುತ್ತೀಯೋ ಕನಿಷ್ಠ ಅಷ್ಟು ದೂರ ಬಿಡು ಅನ್ನೋದು ಹಳೇ ಮಾತು. ಮನೆ ಪಾಯಕ್ಕೂ ಅದೇ ಲೆಕ್ಕ. 14 ಅಡಿ ಅಗಲದಲ್ಲಿ ಎರಡೂ ಕಡೆ ಹೀಗೆ ಬಿಟ್ಟರೆ ಹತ್ತಡಿ ಕೊಳ ಎಲ್ಲಿಂದ ಬಂತು?

ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಹಾಸನದವರು ಬಹಳ ಜನ ನೋಡಿಯೇ ಇಲ್ಲ. ನೀರು ಎಷ್ಟೇ ಇಳಿಯಲಿ, ಏರಲಿ, ಕೂರಲು ಒಂದಲ್ಲ ಒಂದು ಮೆಟ್ಟಿಲು ಸಿಗುತ್ತದೆ. ಪುಟ್ಟ ಪೂಲಿಗೂ ಇದೇ ಬುದ್ಧಿ ಬೇಕು. ಸ್ಟೀಲ್ ಏಣಿ ಬೇಡ. ಒಂದು ಪಕ್ಕಕ್ಕೆ ಉದ್ದಕ್ಕೂ ಒಂದೂವರೆ ಅಡಿ ಅಗಲದ ಮೆಟ್ಟಿಲು ಕಟ್ಟಿಸಿದರೆ ಇಳಿಯೋಕೂ ಅದೇ, ಕೂರೋಕೂ ಅದೇ.

ಅಪ್ಪನ ತಕರಾರು ಬೇರೆ. "ನೈಋತ್ಯದಲ್ಲಿ ನೀರು ಇರಬಾರದು." ನಾನು ವಾದಕ್ಕೆ ಇಳಿಯಲಿಲ್ಲ. ಸಿಡ್ನಿಯಲ್ಲಿ ನನಗೂ ಒಂದು ಮೂಲೆ ಬೇಡ ಅಂದಿದ್ದರು, ಕೆಳಗೆ ಒಳಚರಂಡಿ ಪೈಪ್ ಇದೆ ಅಂತ. ಅಪ್ಪ ಬೇಡ ಅಂದ ಮೂಲೆಯಲ್ಲಿ ಹಳೇ ಇಂಗುಗುಂಡಿ ಇತ್ತು ಅಂತ ಆಮೇಲೆ ಅಮ್ಮ ನೆನಪಿಸಿದಳು. ಅಲ್ಲಿ ಕಟ್ಟಿದ್ದರೆ ನೆಲ ಕುಸಿದು ಕೊಳ ಬಿರುಕು ಬಿಡುತ್ತಿತ್ತು. ವಾಸ್ತು ಗೆದ್ದಿತು ಅಂತ ಅಪ್ಪ ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಸಂಪ್ ಕಟ್ಟಿದ ಮೇಸ್ತ್ರಿಗೆ ಪೂಲಿನ ಅರ್ಧ ಕೆಲಸ ಗೊತ್ತಿರುತ್ತದೆ. ಕಂಬಿ, ಸೆಂಟ್ರಿಂಗ್, ವಾಟರ್ ಪ್ರೂಫಿಂಗ್ ಎಲ್ಲ ಒಂದೇ. ಟೈಲ್ಸ್ ಹಾಕುವ ಮೊದಲು ನೀರು ತುಂಬಿಸಿ, ಗೆರೆ ಎಳೆದು ಒಂದು ವಾರ ಬಿಡಬೇಕು. ಮೆಟ್ಟಿಲ ಮೇಲೆ ಒಂದು ಬಕೆಟ್ ನೀರೂ ಇಡಿ. ಬಿಸಿಲಿಗೆ ಎರಡರಲ್ಲೂ ಒಂದೇ ಸಮ ಇಳಿಯಬೇಕು. ಕೊಳದಲ್ಲಿ ಜಾಸ್ತಿ ಇಳಿದರೆ ಸೋರಿಕೆ. ಆಗ ನೀಲಿ, ಹಸಿರು ಅನ್ನೋ ಮಾತೇ ಬೇಡ.

ಮೇಸ್ತ್ರಿಗೆ ಗೊತ್ತಿಲ್ಲದ ಇನ್ನರ್ಧ ಬಿಸಿಲಿನದು. ಸಂಪಿಗೆ ಮುಚ್ಚಳ ಇದೆ, ಪಾಚಿ ಕಟ್ಟೋದಿಲ್ಲ. ತೆರೆದ ನೀರಿಗೆ ಫಿಲ್ಟರ್ ಪಂಪು ದಿನಾ ಆರೇಳು ಗಂಟೆ ಓಡಬೇಕು. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು), ನೀರಿನ ಹುಳಿ-ಕ್ಷಾರ ಹೇಳೋ ಪಿಎಚ್ 7.2ರಿಂದ 7.6ರ ಒಳಗೆ ಇರಬೇಕು. ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ, ಹಾಗಾಗಿ ಸಂಜೆ ಹಾಕೋದು ವಾಸಿ. ತಮ್ಮನ ಗೆಳೆಯನೊಬ್ಬ ಕಾಫಿ ತೋಟದವನು. "ಮೈಲುತುತ್ತ ಹಾಕಿಬಿಡಿ, ಪಾಚಿ ಸತ್ತೋಗುತ್ತೆ" ಅಂದನಂತೆ. ತೋಟಕ್ಕೆ ಹೊಡೆಯೋ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಲಸಿ ಕಲಸಿ ಅವರಿಗೆ ಎಲ್ಲದಕ್ಕೂ ಅದೇ ಮದ್ದು. ಪಾಚಿ ಸಾಯುತ್ತೆ ನಿಜ, ಆದರೆ ಅಳತೆ ತಪ್ಪಿದರೆ ಗೋಡೆಗೆ ಕಲೆ, ಮೇಲಾಗಿ ಕ್ಲೋರಿನ್ ಮಾಡೋ ಕೆಲಸ ಅದು ಮಾಡೋದಿಲ್ಲ.

ಲೈಟ್ ಬೇಕು ಅಂತ ಮಕ್ಕಳ ಹಟ. ಹಾಕಲಿ, ಆದರೆ ನೀರೊಳಗಿನದು 12 ವೋಲ್ಟಿನದೇ ಆಗಿರಬೇಕು. ಪಂಪಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯೋ ಸ್ವಿಚ್ಚು, ಬೇಕೇ ಬೇಕು. ಇದರಲ್ಲಿ ಮಾತ್ರ ಜುಗ್ಗತನ ಬೇಡ.

ನೀರಿನ ವಿಷಯದಲ್ಲಿ ಹಾಸನದವರೇ ಜಾಣರು. ಸಿಡ್ನಿಯಲ್ಲಿ ಫಿಲ್ಟರ್ ತೊಳೆದ ನೀರನ್ನು ಒಳಚರಂಡಿಗೇ ಬಿಡಬೇಕು, ಅದು ಕಾನೂನು. ತಮ್ಮನ ಹೆಂಡತಿ ಆ ನೀರನ್ನು ಬಾಳೆಗೆ ಬಿಡೋದು ಅಂತ ಆಗಲೇ ತೀರ್ಮಾನ ಮಾಡಿದ್ದಾಳೆ. ಎರಡು ದಿನ ತೊಟ್ಟಿಯಲ್ಲಿ ನಿಲ್ಲಿಸಿ, ಕ್ಲೋರಿನ್ ಹೋದ ಮೇಲೆ ಬಿಡು ಅಂದಿದ್ದೇನೆ. ಉಪ್ಪಿನಿಂದ ಕ್ಲೋರಿನ್ ಮಾಡೋ ಮಷೀನು ಮಾತ್ರ ಬೇಡ, ಆ ನೀರು ಗಿಡಕ್ಕೆ ಆಗೋದಿಲ್ಲ. ತುಂಬಿಸೋಕೆ ಹೇಮಾವತಿ ನಲ್ಲಿ ನೀರು ಯಾಕೆ? ಸಾವಿರ ಚದರಡಿ ತಾರಸಿ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 930 ಲೀಟರ್. ಹತ್ತು ಹನ್ನೊಂದು ಸೆಂಟಿಮೀಟರ್ ಮಳೆಗೆ ಕೊಳ ತುಂಬುತ್ತದೆ. ಮಳೆಗಾಲದಲ್ಲಿ ತೊಳೆಯೋಕೆ ಅಂತ ಪೂರ್ತಿ ಖಾಲಿ ಮಾತ್ರ ಮಾಡಬಾರದು. ನೆಲದೊಳಗಿನ ನೀರು ಖಾಲಿ ತೊಟ್ಟಿಯನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ಸಕಲೇಶಪುರದ ಕಡೆ ಕಟ್ಟುವವರಿಗಂತೂ ಇದು ಗೊತ್ತಿರಲೇಬೇಕು.

ಇನ್ನೊಂದು ವಿಷಯ. ನೆರಳಿಗೆ ಸಿಲ್ವರ್ ಓಕ್ ನೆಡ್ತೀನಿ ಅಂತಿದ್ದಾನೆ ತಮ್ಮ. ನಮ್ಮ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸೋ ಆ ಮರದ ತವರು ನಾನಿರುವ ಆಸ್ಟ್ರೇಲಿಯಾದ ಪೂರ್ವ ಕರಾವಳಿಯೇ. ಅದರ ಎಲೆ ಎಷ್ಟು ಉದುರುತ್ತೆ ಅಂತ ನನ್ನನ್ನು ಕೇಳಬೇಕು. ಮೇಲಾಗಿ ಹಾಸನದ ಡಿಸೆಂಬರಿನಲ್ಲಿ ನೆರಳಿನ ನೀರಿಗೆ ಯಾರು ಇಳಿಯುತ್ತಾರೆ?

ನಿನ್ನೆ ಫೋಟೋ ಬಂತು. ಹಿತ್ತಲಲ್ಲಿ ಸುಣ್ಣದ ಪುಡಿಯಲ್ಲಿ ಹನ್ನೆರಡಕ್ಕೆ ಏಳರ ಗೆರೆ. ಗೆರೆಯ ಒಳಗೆ ಚಾಪೆ ಹಾಸಿ ಸಂಡಿಗೆ ಒಣಗಲು ಹಾಕಿದ್ದಾರೆ. ಒಗೆಯೋ ಕಲ್ಲು ಆಚೆ ಮೂಲೆಗೆ ಹೋಗಿದೆ. ಗೇಟನ್ನೂ ಸುಣ್ಣದಲ್ಲೇ ಬರೆದಿದ್ದಾನೆ, ಒಳಕ್ಕೆ ತೆರೆಯೋ ಹಾಗೆ. ಮತ್ತೆ ಫೋನ್ ಮಾಡಬೇಕು.